ಮುಖಂಡ ಕಾಕಾ ಮಾಡಿಸಿದ ಕ್ರಾಂತಿ

ಮೊನ್ನೆ ಬೀದರಿನ ಕಚೇರಿಯೊಂದರಲ್ಲಿ ಮನೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾಯಿತು. ಇಂಕ್ ಪ್ಯಾಡಿನ ಮುಚ್ಚಳ ತೆಗೆದ ಕೂಡಲೇ ಬಂದ ಶಾಯಿಯ ವಾಸನೆಗೆ ನನ್ನ ತಲೆ ಕೆಟ್ಟುಹೋಯಿತು. ಚಿದ್ರಿಯಲ್ಲಿ ನಮ್ಮ ಓಣಿಯವರಾಗಿದ್ದ ಮುಖಂಡ ಕಾಕಾ ನೆನಪಾದರು. ಅವರು ತೀರಿಹೋಗಿ ತಿಂಗಳಾಗಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ.

ಇಸ್ತ್ರಿಯ ಬಿಳಿ ಅಂಗಿ, ಹೆಗಲಿಗೆ ಶಾಲು, ಬಗಲಲ್ಲೊಂದು ಫೈಲು. ಅದರೊಳಗೆ ಏನಿತ್ತೋ ದೇವರೇ ಬಲ್ಲ. ಜಗತ್ತಿನ ಯಾವ ಕ್ರಾಂತಿಯೂ ತಾನಾಗಿ ಆಗಿಲ್ಲ ಎಂಬುದು ಅವರ ಸಿದ್ಧಾಂತ.

“ಜನ ತಾವಾಗಿ ಏಳಂಗಿಲ್ಲೋ. ಬಾಗಿಲಾ ಹಾಕ್ಕೊಂಡು ನಾಕ ಮಂದಿ ಪ್ಲಾನ್ ಮಾಡಿರ್ತಾರ,” ಎನ್ನುತ್ತಿದ್ದರು.

ಅವರ ನಾಲ್ಕು ಮಂದಿ ಚಹಾದ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದರು. ಮೂವರು ಬರುತ್ತಿದ್ದದ್ದು ಭಜಿಗೆ. ಹೀಗೆ ತಿಂಗಳುಗಟ್ಟಲೆ ಗುಟ್ಟಾಗಿ ಕೂತು, ಔರಾದಿನಲ್ಲಿ ಜನರನ್ನು ಎಬ್ಬಿಸಲು ಹೋದರು. ಗುಟ್ಟು ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ, ಸಭೆಗೆ ಶಾಮಿಯಾನದವನನ್ನು ಬಿಟ್ಟು ಯಾರೂ ಬರಲಿಲ್ಲ…

ಅದೇ ವರ್ಷ ಬೇಸಿಗೆಯಲ್ಲಿ ನಮ್ಮ ನಲ್ಲಿಗಳು ಒಣಗಿದವು. ಒಂದು ಬೆಳಿಗ್ಗೆ ಅವ್ವ ಖಾಲಿ ಕೊಡ ಹೊತ್ತು ವಾಪಸು ಬರುವಾಗ, ಯಾರದೋ ದೊಡ್ಡ ಮನೆಗೆ ಹೊರಟ ನೀರಿನ ಟ್ಯಾಂಕರ್ ಎದುರಾಯಿತು. ಅವ್ವ ಕೊಡವನ್ನು ಅದರ ಮುಂದಿಟ್ಟು ಅಲ್ಲೇ ಕೂತುಬಿಟ್ಟಳು. ಅಷ್ಟೇ. ಹಿಂದೆ ಬರುತ್ತಿದ್ದ ಹೆಂಗಸರೂ ಕೊಡ ಇಟ್ಟರು. ಗಳಿಗೆಯಲ್ಲಿ ರಸ್ತೆ ಬಂದಾಯಿತು.

ಮುಖಂಡ ಕಾಕಾ ಸ್ನಾನ ಮುಗಿಸಿ, ಮೈಕು ತರಿಸಿಕೊಂಡು ಬಂದರು. ಪತ್ರಿಕೆಯವರಿಗೆ ಇದು ತಮ್ಮ ಮೂರು ತಿಂಗಳ ಗುಪ್ತ ತಯಾರಿ ಎಂದರು. ಮನವಿ ಪತ್ರವನ್ನೂ ಬರೆದರು. ಮನವಿಯಲ್ಲಿ ಮೊದಲ ಸಹಿ ಮುಖಂಡರದ್ದೇ ಇರುವುದು ರೂಢಿ. ಅಂದು ಮಾತ್ರ, “ಅಕ್ಕಾ, ನಿಮ್ಮ ಹೆಬ್ಬಟ್ಟ ಮೊದಲ ಇರ್ಲಿರಿ,” ಎಂದರು. ಕಾಲೇಜು ಓದುತ್ತಿದ್ದ ನಾನು, ಎಂಥ ಮರ್ಯಾದೆ ಎಂದು ಹಿಗ್ಗಿ, ಅವ್ವನ ಬೆರಳು ಹಿಡಿದು ನಾನೇ ಒತ್ತಿಸಿದೆ.

ಮರುದಿನ ಪೇಪರು ಹಿಡಿದು ಪೊಲೀಸರು ಬಂದರು. ಮೂರು ತಿಂಗಳು ಪ್ಲಾನ್ ಮಾಡಿದವರು ಯಾರು ಎಂದು ಕೇಳಿದರು. ಕಾಕಾನ ಸಿದ್ಧಾಂತ ಅಲ್ಲೇ ಬೆವರಿ ನೀರಾಯಿತು.

“ಸಾಹೇಬ್ರ, ನನಗೇನೂ ಗೊತ್ತಿಲ್ರಿ. ಜನ ತಾವಾಗೇ ಎದ್ದಾರ್ರಿ. ಮೊದಲನೇ ಹೆಬ್ಬಟ್ಟ ಯಾರದದ ನೋಡ್ರಿ.”

ಅವ್ವನನ್ನು ಇಡೀ ದಿನ ಠಾಣೆಯಲ್ಲಿ ಕೂರಿಸಿದರು. ಸಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು, ಆ ಕೆಲಸವೂ ಹೋಯಿತು. ಕಾಕಾ ನಮ್ಮ ಹೊಸ್ತಿಲು ತುಳಿಯಲಿಲ್ಲ. ಪ್ರಕರಣ ತಣ್ಣಗಾದ ಮೇಲೆ ಮಾತ್ರ ಕ್ರಾಂತಿ ಮತ್ತೆ ಅವರದಾಯಿತು. ಊರೂರಲ್ಲಿ ಹಾರ ಹಾಕಿಸಿಕೊಂಡರು. ಇಂಥ ಇನ್ನೊಬ್ಬ ಪುಕ್ಕಲನನ್ನು ನಾನು ಕಂಡಿಲ್ಲ.

ಭಾಲ್ಕಿಯಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಚಿದ್ರಿಯ ಹೋರಾಟದ ಗುಪ್ತ ರೂವಾರಿ ಎಂದು ಒಬ್ಬರು ಹೊಗಳಿದರು, ಉಳಿದವರು ಚಪ್ಪಾಳೆ ತಟ್ಟಿದರು. ನಾನು ಎದ್ದು ಬಂದೆ. ಮನೆಗೆ ಬಂದು ಅವ್ವನ ಮುಂದೆ ಕೂಗಾಡಿದೆ. ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು.

“ಅವರೇ ಮಾಡಿಸಿರಬೇಕು ಬಿಡೋ ತಮ್ಮಾ. ಅಷ್ಟ ದೊಡ್ಡದು ನನ್ನಿಂದ ಹ್ಯಾಂಗ ಆಗ್ತದ?”

ಕೆಲಸ ಕಳೆದದ್ದನ್ನು ನಾನು ಎಂದಾದರೂ ಮರೆತೇನು. ಟ್ಯಾಂಕರಿನ ಮುಂದೆ ಕೂತ ಆ ಬೆಳಿಗ್ಗೆಯನ್ನು ಅವ್ವನಿಗೆ ಯಾರು ವಾಪಸು ತಂದುಕೊಡುತ್ತಾರೆ?