ಒಂಟಿ ಬಂತು

ನಮ್ಮ ಕಡೆ ಮನೆಗೆ ಮನಿ ಅನ್ನುತ್ತೇವೆ, ಎಲೆಗೆ ಎಲಿ ಅನ್ನುತ್ತೇವೆ. ಅದೇ ಲೆಕ್ಕದಲ್ಲಿ ಒಂಟೆಯೂ ಒಂಟಿಯೇ. ಒಬ್ಬನೇ ಇರುವವನೂ ಒಂಟಿ. ಹೀಗಾಗಿ ತೆಂಗಿನ ಗಿಡದಂತೆ ಬೆಳೆದ, ಉದ್ದ ಕತ್ತಿನ ನಾನು ಸಿಂಧನೂರಿನ ಶಟಲ್ ಕೋರ್ಟಿಗೆ ಮೊದಲ ಸಲ ಹೋದಾಗ ನನ್ನ ಬಾಯಿಂದಲೇ ತಪ್ಪಾಯಿತು.

ಆ ಕೋರ್ಟು ಊರ ಹೊರಗೆ ತಗಡಿನ ದೊಡ್ಡ ಶೆಡ್ಡಿನಲ್ಲಿದೆ. ನೆಲಕ್ಕೆ ಹಸಿರು ಹಾಸು, ಮೇಲೆ ಬಿಳಿ ದೀಪ. ಬೆಳಗಿನ ಹೊತ್ತು ಅಲ್ಲಿ ನಾಲ್ಕು ನಾಲ್ಕು ಜನ ಇಬ್ಬಿಬ್ಬರ ಜೋಡಿ ಮಾಡಿಕೊಂಡು ಆಡುತ್ತಾರೆ. ಬಾಗಿಲಲ್ಲಿ ಕೂತಿದ್ದ ಮ್ಯಾನೇಜರು, ಜೋಡಿ ಎಲ್ಲಿ ಎಂದು ಕೇಳಿದರು.

"ಜೋಡಿ ಇಲ್ರೀ. ಒಂಟಿ ಬಂದೀನಿ," ಅಂದೆ.

ಹಿಂದೆ ಜವಳಗೇರಾದ ಅಕ್ಕಿ ಮಿಲ್ಲಿನ ಮಾಲೀಕರು ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಾಲಿನಿಂದ ಕತ್ತಿನವರೆಗೆ ನೋಡಿ, "ಅದು ಕಾಣಾಕತ್ತೈತಿ ಬಿಡ್ರಿ. ಡುಬ್ಬ ಎಲ್ಲಿ ಬಿಟ್ಟು ಬಂದೀರಿ?" ಅಂದರು. ಶೆಡ್ಡಿನ ತಗಡು ಅದುರುವಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಬೆನ್ನಿನ ಡುಬ್ಬ ಮಸ್ಕಿಯಲ್ಲಿ ಮಂಚದ ಮೇಲೆ ಮಲಗಿದೆ ಎಂದು ಹೇಳಬೇಕೆನಿಸಿತು.

ಮಂಚದ ಮೇಲೆ ಇದ್ದವನು ನನ್ನ ಜೋಡಿ. ಮಸ್ಕಿಯ ಬಜಾರಿನಲ್ಲಿ ನನ್ನದು ಬೀಜದ ಅಂಗಡಿ, ಅವನದು ಎದುರಿಗೇ ಅರಿವೆ ಅಂಗಡಿ. ಶಾಲೆಯ ಬಯಲಿನಲ್ಲಿ ಮಣ್ಣಿನ ಕೋರ್ಟು ಮಾಡಿಕೊಂಡು, ಬೆಳಗಾಗುತ್ತಲೇ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ಆಡುತ್ತಿದ್ದೆವು. ಮೀಸೆ ಕಪ್ಪಗಿದ್ದಾಗ ಶುರುವಾದ ಆಟ, ಬಣ್ಣ ಹಚ್ಚುವುದನ್ನೂ ಬಿಟ್ಟುಬಿಡುವವರೆಗೆ ನಡೆಯಿತು. ಅವನು ಗಿಡ್ಡ, ಮೈ ತುಂಬಿದವ. ನಮ್ಮಿಬ್ಬರನ್ನು ಕಂಡರೆ ಊರವರು ಗಳ ಮತ್ತು ಗಡಿಗೆ ಎನ್ನುತ್ತಿದ್ದರು. ಒಬ್ಬನೇ ಸಿಕ್ಕರೆ ಇನ್ನೊಬ್ಬ ಎಲ್ಲಿ ಎಂದು ಕೇಳದೆ ಮುಂದೆ ಬಿಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಲು ಹೋದವನಿಗೆ ಲಕ್ವಾ ಹೊಡೆಯಿತು. ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು. ಬಲಗೈ ಮತ್ತು ಅರ್ಧ ಮಾತು ಹೋದವು. ಮೆತ್ತನೆಯ ಚೆಂಡು ಹಿಚುಕುತ್ತಿದ್ದರೆ ಕೈ ತಿರುಗಿ ಬಂದೀತು ಎಂದು ಡಾಕ್ಟರು ಹೇಳಿದರು. ಬಂದೀತು ಎಂದರೇ ಹೊರತು ಬರುತ್ತದೆ ಎನ್ನಲಿಲ್ಲ. ಅವನು ಮಾತ್ರ ಬರುತ್ತದೆ ಎಂದೇ ಕೇಳಿಸಿಕೊಂಡ. ಮನೆಗೆ ಬಂದ ದಿನವೇ ನನ್ನ ಅಂಗಿಯ ತುದಿ ಹಿಡಿದು, ಒಂದೊಂದೇ ಮಾತು ಹೊರಗೆ ತಳ್ಳಿದ.

"ನಾ ಬರೋತನಕ... ಯಾರ ಜೋಡಿನೂ... ಕಟ್ಟಬ್ಯಾಡ ಲೇ."

ಕಟ್ಟೂದಿಲ್ಲ ಅಂದೆ. ಆಗ ಬೇರೆ ಏನು ಅನ್ನಬಹುದಿತ್ತು?

ಆಡುವ ಇಬ್ಬರು ತಪ್ಪಿದ ಮೇಲೆ ಮಸ್ಕಿಯ ಕೋರ್ಟು ತಾನಾಗಿಯೇ ಕೆಟ್ಟಿತು. ಉಳಿದವರು ವಾಕಿಂಗ್ ಹಿಡಿದರು, ನೆಟ್ಟು ಯಾರ ಮನೆಯ ಅಟ್ಟ ಸೇರಿತೋ ತಿಳಿಯದು. ನನಗೆ ಸಕ್ಕರೆ ಕಾಯಿಲೆ ಇದೆ, ಆಡದಿದ್ದರೆ ಏರುತ್ತದೆ. ಅದು ಹೊರಗಿನ ನೆಪ. ಒಳಗಿನ ಮಾತೆಂದರೆ, ಬೆಳಿಗ್ಗೆ ಎದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಅದಕ್ಕೇ ಸಿಂಧನೂರಿನ ಮೊದಲ ಬಸ್ಸು ಹಿಡಿದದ್ದು.

ಅಲ್ಲಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ. ಯಾರದೋ ಮಗಳಿಗೆ ಜ್ವರ ಬಂದರೆ, ಯಾರದೋ ಗದ್ದೆಗೆ ನೀರು ಬಿಟ್ಟರೆ ನಾಲ್ಕರಲ್ಲಿ ಒಬ್ಬ ಕಡಿಮೆಯಾಗುತ್ತಿದ್ದ. ಆಗ "ಒಂಟಿನ ಕರೀರಿ" ಎಂಬ ಕೂಗು ಬರುತ್ತಿತ್ತು. ಇವತ್ತು ಒಬ್ಬರ ಜೊತೆ, ನಾಳೆ ಇನ್ನೊಬ್ಬರ ಜೊತೆ. ಇದು ಜೋಡಿ ಕಟ್ಟಿದಂತೆ ಅಲ್ಲ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡಿದ್ದೆ. ಎಷ್ಟೋ ದಿನ ಬೆಂಚು ಕಾಯ್ದು, ಅಂಗಿಗೆ ಬೆವರೂ ಹತ್ತದಂತೆ ಬಸ್ಸಿಗೆ ಬರುತ್ತಿದ್ದೆ.

ಸಂಜೆ ಅವನ ಮನೆಗೆ ಹೋದರೆ ಆಟ ಸಿಕ್ಕಿತೇ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಅವನ ಮುಖದಲ್ಲಿ ಏನೋ ಒಂದು ಸಡಿಲಾಗುತ್ತಿತ್ತು. ಅದು ಸಮಾಧಾನ ಎಂದು ನನಗೆ ಗೊತ್ತು. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಗಿ, ಕೂಡಲೇ ಹೆಂಡತಿಯ ಕಡೆ ತಿರುಗಿ ನನಗೆ ಚಹಾ ತರಲು ಸನ್ನೆ ಮಾಡುತ್ತಿದ್ದ. ಸಿಕ್ಕಿತು ಎಂದ ದಿನ ಬಲಗೈಗೆ ಎಡಗೈ ಒತ್ತು ಕೊಟ್ಟು ಚೆಂಡು ಹಿಚುಕುತ್ತಲೇ ಇರುತ್ತಿದ್ದ, ಬೆರಳು ಬೆಳ್ಳಗಾಗುವ ತನಕ.

ಹೀಗಿರುವಾಗ ಮಿಲ್ಲಿನವರ ಜೋಡಿಗೆ ಬೇರೆ ಊರಿಗೆ ವರ್ಗವಾಯಿತು. ಮಿಲ್ಲಿನವರು ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. "ಸೋಮವಾರದಿಂದ ನನ್ನ ಜೋಡಿ ಖಾಯಂ ನಿಲ್ರಿ. ತುರ್ವಿಹಾಳದವ್ರೂ ಕೇಳ್ಯಾರ, ನಾ ನಿಮಗ ಮೊದಲ ಹೇಳಾಕತ್ತೀನಿ," ಅಂದರು. ಇನ್ನು ಮೇಲೆ ಜೋಡಿ ಇಲ್ಲದವರನ್ನು ಬೆಳಗಿನ ಹೊತ್ತು ಒಳಗೆ ಬಿಡುವುದಿಲ್ಲವೆಂದು ಮ್ಯಾನೇಜರು ಆಗಲೇ ಹೇಳಿಬಿಟ್ಟಿದ್ದರು. ಹೂಂ ಎಂದರೆ ಗೆಳೆಯನಿಗೆ ಕೊಟ್ಟ ಮಾತು ಹೋಗುತ್ತಿತ್ತು, ಊಹೂಂ ಎಂದರೆ ಆಟವೇ ಹೋಗುತ್ತಿತ್ತು. ಸೋಮವಾರ ಹೇಳುತ್ತೇನೆಂದು ಎದ್ದು ಬಂದೆ.

ಅವನಿಗೆ ಹೇಳಲು ಬಾಯಿ ಬರಲಿಲ್ಲ. ಆ ಕೋರ್ಟು ನೋಡಿ ಬರೋಣ ಬಾ ಎಂದಷ್ಟೇ ಅಂದೆ. ಅಲ್ಲಿ ಒಂದು ಹೊತ್ತು ಕೂತರೆ ಅವನಿಗೇ ತಿಳಿದೀತು, ನಾನು ಹೇಳುವುದು ತಪ್ಪೀತು ಎಂಬ ಆಸೆ. ಸೋಮವಾರ ಬಾಡಿಗೆ ಕಾರು ತೆಗೆದುಕೊಂಡು ಹೋದರೆ ಅವನು ಹೊಸ್ತಿಲಲ್ಲಿ ಸಿದ್ಧನಾಗಿ ಕೂತಿದ್ದ. ಆಟದ ಬಿಳಿ ಬೂಟು ಹಾಕಿಕೊಂಡಿದ್ದ. ಅವನ ಹೆಂಡತಿ ಲೇಸು ಬಿಗಿಯುತ್ತಿದ್ದರು. "ಬ್ಯಾಡ ಅಂದ್ರ ಕೇಳವಲ್ರು ಅಣ್ಣಾ," ಅಂದರು, ತಲೆ ಎತ್ತದೆ. ರ‍್ಯಾಕೆಟ್ಟನ್ನೂ ಕಾರಿನಲ್ಲಿ ಇಡಿಸಿದ.

ದಾರಿಯುದ್ದಕ್ಕೂ ಕಾಲುವೆಯ ನೀರು ರಸ್ತೆಯ ಜೊತೆಗೇ ಬರುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

ಕೋರ್ಟಿನಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿದೆ. ಮಿಲ್ಲಿನವರು ಹತ್ತಿರ ಬಂದು ಕೈಮುಗಿದು, ಇವರು ಯಾರು ಎಂದು ಕೇಳಿದರು. ಅವರ ಕಣ್ಣು ಅವನ ಬೂಟಿನ ಮೇಲೆ ಹೋಗಿ, ಅಲ್ಲಿಂದ ತೊಡೆಯ ಮೇಲೆ ಬಿದ್ದಿದ್ದ ಬಲಗೈಯ ಮೇಲೆ ನಿಂತಿತು.

"ನನ್ನ ಜೋಡಿ," ಅಂದೆ.

ಆ ಕಡೆ ಆಡುವವರು ಆಟ ಮುಗಿಸಿ ಹೊರಬರುತ್ತಿದ್ದರು. ಅವನು ಒಳಗಿನ ಹಸಿರು ನೆಲವನ್ನು, ಆ ಬಿಳಿ ಗೆರೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಿಲ್ಲಿನವರ ಕಡೆ ತಿರುಗಿದ. ಅಷ್ಟು ದಿನಗಳಲ್ಲಿ ಅವನ ಬಾಯಿಂದ ಅಷ್ಟು ಸ್ಪಷ್ಟವಾದ ಮಾತು ನಾನು ಕೇಳಿರಲಿಲ್ಲ.

"ನಾ ಆಡಾಂಗಿಲ್ರೀ. ಇವನ್ನ ಕರಕೊಂಡು ಹೋಗ್ರಿ. ಒಂಟಿ ಅದಾನ."

ಈ ಸಲ ಯಾರೂ ನಗಲಿಲ್ಲ.

ಒಳಗೆ ಹೋಗಿ ನಿಂತೆ. ಎದುರಿನವರು ಮೊದಲ ಶಟಲ್ ಕಾಕನ್ನು ನೆಟ್ಟಿನ ಪಕ್ಕದಲ್ಲೇ ಮೆಲ್ಲಗೆ ಇಳಿಸಿದರು. ನಾನು ಹಿಂದೆಯೇ ನಿಂತಿದ್ದೆ. ಎರಡನೆಯದನ್ನೂ ಅಲ್ಲಿಯೇ ಇಳಿಸಿದರು, ಆಗಲೂ ನನ್ನ ಕಾಲು ಏಳಲಿಲ್ಲ. ನೆಟ್ಟಿನ ಹತ್ತಿರದ ಆ ಜಾಗ ಇಷ್ಟು ವರ್ಷ ಅವನದು. ಅಲ್ಲಿಗೆ ಹೋಗುವುದನ್ನು ನಾನು ಕಲಿತೇ ಇರಲಿಲ್ಲ.

"ಮುಂದ ಹೋಗ್ರಿ. ಯಾರನ್ನ ಕಾಯಾಕತ್ತೀರಿ?" ಮಿಲ್ಲಿನವರು ಕೇಳಿದರು.

ಬೆಂಚಿನ ಕಡೆ ನೋಡಿದೆ. ಅವನು ಆಟ ನೋಡುತ್ತಿರಲಿಲ್ಲ. ಬಗ್ಗಿ, ಎಡಗೈಯಿಂದ ಬೂಟಿನ ಲೇಸು ಬಿಚ್ಚಲು ಹೆಣಗುತ್ತಿದ್ದ. ಗಂಟು ಬಿಗಿಯಾಗಿತ್ತು, ಬರುತ್ತಿರಲಿಲ್ಲ. ಹೋಗಿ ಬಿಚ್ಚಿ ಬರಲೇ ಎನ್ನುವಷ್ಟರಲ್ಲಿ ಮೂರನೆಯ ಕಾಕು ನೆಟ್ಟು ದಾಟಿ ಇಳಿಯತೊಡಗಿತು. ಮುಂದಕ್ಕೆ ಓಡಿದೆ.