ಕೇಣಿ ದಂಡೆಯ ಅಣಕು ದಾಳಿ

ಮುಂಬಯಿಗೆ ಸಮುದ್ರದ ಕಡೆಯಿಂದ ಬಂದವರು ಅಷ್ಟೊಂದು ಜನರನ್ನು ಕೊಂದ ಮೇಲೆ, ಕಾರವಾರದಲ್ಲೂ ಸಮುದ್ರವಿದೆ ಎಂಬುದು ಮೇಲಿನವರಿಗೆ ನೆನಪಾಯಿತು. ದಂಡೆಯ ಕಾವಲಿಗೆಂದು ಹೊಸ ಠಾಣೆ ತೆರೆದರು. ನಾನು ಅಲ್ಲಿ ಕಾನ್‌ಸ್ಟೇಬಲ್. ಠಾಣೆಗೆ ದೋಣಿ ಬರುವ ಮೊದಲೇ ವಿದೇಶಿ ಅತಿಥಿಗಳು ಬಂದರು. ದೂರದ ದ್ವೀಪದೇಶವೊಂದರ ಐವರು ಪೊಲೀಸರು, ಭಯೋತ್ಪಾದಕರನ್ನು ತಡೆಯುವುದು ಹೇಗೆಂದು ನಮ್ಮಿಂದ ಕಲಿಯಲು ಬಂದವರು. ಅರ್ಧದಷ್ಟು ಮಂದಿಗೆ ಈಜೇ ಬಾರದ ಠಾಣೆಯಿಂದ ದ್ವೀಪದವರು ಏನು ಕಲಿಯಬೇಕೆಂದು ಯಾರೂ ಕೇಳಲಿಲ್ಲ.

ಕಾರವಾರದ ಬಳಿಯ ಕಿನ್ನರ ಎಂಬ ಊರಿನಲ್ಲಿ ಗದ್ದೆ ಮಾಡುವವರ ಮಗಳಾದ ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದೆ. ಆ ಒಂದು ಕಾರಣಕ್ಕೆ ನನ್ನನ್ನು ದುಭಾಷಿ ಮಾಡಿದರು.

ಪಾಠ ಹೇಳಲು ದಿಲ್ಲಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಮೀನಿನ ವಾಸನೆ ಆಗುವುದಿಲ್ಲವೆಂದು ಸಮುದ್ರದ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಸಮುದ್ರದ ಭದ್ರತೆಯ ಬಗ್ಗೆ ನಾಲ್ಕು ದಿನ ಮಾತಾಡಿದರು. ದೋಣಿಯ ನೋಂದಣಿ ಸಂಖ್ಯೆ ನೋಡಿದರೆ ಸಾಕು, ಶತ್ರು ಯಾರೆಂದು ತಿಳಿಯುತ್ತದೆ ಎಂಬುದು ಅವರ ಮಾತಿನ ಸಾರ. ಅತಿಥಿಗಳಲ್ಲಿ ಒಬ್ಬಳೇ ಹೆಣ್ಣುಮಗಳು. ಅವಳು ಎದ್ದು ಕೇಳಿದಳು: “ಸಂಖ್ಯೆಯನ್ನು ಯಾರು ಬೇಕಾದರೂ ಬಣ್ಣದಲ್ಲಿ ಬರೆದುಕೊಳ್ಳಬಹುದಲ್ಲ?” ಅಧಿಕಾರಿ ಮುಗುಳ್ನಕ್ಕು ಪರದೆಯ ಮೇಲೆ ಮುಂದಿನ ಚಿತ್ರ ಹಾಕಿದರು.

ಐದನೆಯ ದಿನ ಅಂಕೋಲೆಯ ಕೇಣಿಯಲ್ಲಿ ಅಣಕು ದಾಳಿ. ದಾಳಿ ಯಾವಾಗ, ಯಾವ ಕಡೆಯಿಂದ ಎಂದು ಊರಿಗೆಲ್ಲ ಮೊದಲೇ ಹೇಳಿಯಾಗಿತ್ತು. ಶಾಮಿಯಾನ ಹಾಕಿ, ಅತಿಥಿಗಳಿಗೆ ಎಳನೀರು ಕೊಟ್ಟು, ಭಯೋತ್ಪಾದಕರಿಗಾಗಿ ಕಾದೆವು. ಬಂದವರು ನಮ್ಮ ಠಾಣೆಯವರೇ ಮೂವರು, ಕಪ್ಪು ಬಟ್ಟೆ ಸುತ್ತಿಕೊಂಡವರು. ದೋಣಿ ಅದೇ ಊರಿನದು. ನಡೆಸುತ್ತಿದ್ದವನು ದಂಡೆಯಲ್ಲಿದ್ದ ಹೆಂಡತಿಯತ್ತ ಕೈ ಬೀಸಿದ. ಅಲೆಯ ಹೊಡೆತಕ್ಕೆ ಮೂವರು ಭಯೋತ್ಪಾದಕರ ಮುಖವೂ ಬಿಳಿಚಿಕೊಂಡಿತ್ತು. ಒಬ್ಬ ಇಳಿದವನೇ ಮರಳಿನಲ್ಲಿ ಕುಳಿತು ವಾಂತಿ ಮಾಡಿದ.

ಅಲ್ಲೇ ಬಂಗಡೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ತಂಬಿಗೆ ಹಿಡಿದು ಓಡಿಬಂದಳು. “ಅಯ್ಯೋ ತಮಾ, ನೀರು ಕುಡಿ, ಸಾವಕಾಶ ಕುಡಿ,” ಎಂದು ಅವನ ಬೆನ್ನು ಸವರಿದಳು.

ಅಧಿಕಾರಿ ಸಿಡಿದೆದ್ದರು. “ಅವನು ಶತ್ರು! ಅವಳು ಸತ್ತಿದ್ದಾಳೆ. ಹೇಳಿ ಅವಳಿಗೆ!”

ನಾನು ಹೋಗಿ ಹೇಳಿದೆ. “ಸಾಹೇಬರು ಹೇಳ್ತ್ರು, ನೀವು ಸತ್ತೀರಂತೆ. ಮಲಗಬೇಕಂತೆ.”

“ನಂಗೆ ಸಾಯೂಕೆ ಪುರಸೊತ್ತಿಲ್ಲ,” ಎಂದಳು ಅವಳು. “ಮೀನು ತಿರುವಿ ಹಾಕೂದದೆ.”

ಅತಿಥಿ ಅಧಿಕಾರಿಣಿ ನಗುತ್ತ ನಮ್ಮ ಬಳಿ ಬಂದಳು. ಇಲ್ಲಿಗೆ ಅಪರಿಚಿತ ದೋಣಿ ಯಾವುದಾದರೂ ಬಂದದ್ದುಂಟೇ ಎಂದು ಆ ಹೆಂಗಸನ್ನು ಕೇಳಲು ನನಗೆ ಹೇಳಿದಳು. ಕೇಳಿದೆ.

ಹೆಂಗಸು ನೆಟ್ಟಗೆ ನನ್ನತ್ತ ಬೆರಳು ಮಾಡಿದಳು. “ನಿಮ್ಗೇ ಬಂದು ಹೇಳಿದ್ನಲ್ಲೆ! ಬಲೆ ಇಲ್ಲದ ದೋಣಿ, ಮೂರು ದಿನ ಆ ಬಂಡೆ ಹಿಂದೆ ನಿಂತಿತ್ತು ಅಂತ. ನಂಬರ್ ತಕಂಬಾ ಅಂದ್ರಿ. ನಂಗೆ ಓದೂಕೆ ಬರ್ತದ್ಯಾ?”

ಹೌದು. ಹತ್ತು ದಿನದ ಹಿಂದೆ ಠಾಣೆಯ ಮೇಜಿನ ಹಿಂದೆ ಕುಳಿತು ಅವಲಕ್ಕಿ ತಿನ್ನುತ್ತ, ಅವಳ ಮುಖ ಕೂಡ ಸರಿಯಾಗಿ ನೋಡದೆ ಹಾಗೆಂದವಳು ನಾನೇ.

“ಏನಂದಳು?” ಎಂದಳು ಅತಿಥಿ. ಅಷ್ಟರಲ್ಲಿ ಅಧಿಕಾರಿಯೂ ಪಕ್ಕಕ್ಕೆ ಬಂದು ನಿಂತಿದ್ದರು.

“ಪೊಲೀಸರು ಬಂದದ್ದು ಸಂತೋಷವಂತೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ತಲೆದೂಗಿದರು. ದಾಳಿಯನ್ನು ಯಶಸ್ವಿಯಾಗಿ ಹತ್ತಿಕ್ಕಲಾಯಿತೆಂದು ವರದಿಯಾಯಿತು. ಅತಿಥಿಗಳಿಗೆ ಶಾಲು, ಗಂಧದ ಹಾರ, ಪ್ರಮಾಣಪತ್ರ.

ಕಾರವಾರಕ್ಕೆ ಮರಳುವಾಗ ಜೀಪಿನಲ್ಲಿ ಆ ಅಧಿಕಾರಿಣಿ ನನ್ನ ಪಕ್ಕ ಕುಳಿತಿದ್ದಳು. “ನನ್ನ ತಾಯಿಯೂ ಮೀನು ಮಾರುವವಳು,” ಎಂದಳು. “ನಿಮ್ಮ ಭಾಷೆ ನನಗೆ ಬಾರದು. ಆದರೆ ಸಂತೋಷವಾದವರು ಹಾಗೆ ಬೆರಳು ಮಾಡುವುದಿಲ್ಲ.” ನಾಲ್ಕು ದಿನ ದಿಲ್ಲಿಯ ಅಧಿಕಾರಿಯನ್ನು ಮನಸ್ಸಿನಲ್ಲೇ ಹೀಯಾಳಿಸಿದ್ದ ನನಗೆ ಆಗ ಹೀಯಾಳಿಸಲು ನಾನೇ ಸಿಕ್ಕಿದ್ದೆ.

ಮರುದಿನ ರಜೆ ಹಾಕಿ ಬಸ್ಸಿನಲ್ಲಿ ಕೇಣಿಗೆ ಹೋದೆ. ಬಂಗಡೆಯ ಹೆಂಗಸು ಬುಟ್ಟಿ ತುಂಬುತ್ತಿದ್ದಳು. ಬುಟ್ಟಿ ಎತ್ತಲು ಕೈಜೋಡಿಸಿದ ಮೇಲೆ ಹೇಳತೊಡಗಿದಳು: ದೋಣಿಯ ಬಣ್ಣ, ಎಂಜಿನ್ನಿನ ಸದ್ದು, ಅದರಲ್ಲಿದ್ದ ಇಬ್ಬರು ನಿಲ್ಲುವ ರೀತಿ. ಎರಡು ಪುಟ ಬರೆದುಕೊಂಡೆ. ಅಧಿಕಾರಿಯ ನಾಲ್ಕು ದಿನದ ಪಾಠದಲ್ಲಿ ಅಷ್ಟು ವಿಷಯ ಇರಲಿಲ್ಲ.

ಕೆಲವು ವಾರಗಳ ಮೇಲೆ ಆ ದೋಣಿ ಮತ್ತೆ ಬಂತು. ಅವಳು ಹೇಳಿಕಳಿಸಿದಳು. ಮೀನುಗಾರರ ದೋಣಿಯಲ್ಲೇ ಹೋಗಿ ಹಿಡಿದೆವು. ಭಯೋತ್ಪಾದಕರಲ್ಲ, ಲಂಗರು ಹಾಕಿದ ದೋಣಿಗಳಿಂದ ಡೀಸೆಲ್ ಕದಿಯುವ ಇಬ್ಬರು. ಊರಿನವರಿಗೆ ಅವರು ಸಿಕ್ಕಿದ್ದೇ ದೊಡ್ಡ ಸಮಾಧಾನ. ಪತ್ರಿಕೆಗಳಿಗೆ ಹೋದ ಪ್ರಕಟಣೆಯಲ್ಲಿ ಮಾತ್ರ ಇದು ಅಂತರರಾಷ್ಟ್ರೀಯ ತರಬೇತಿಯ ಫಲ ಎಂದಿತ್ತು. ಓದಿ ನಗು ಬಂತು. ನಕ್ಕು, ಅದನ್ನು ಠಾಣೆಯ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಅಂಟಿಸುವುದೂ ನನ್ನ ಡ್ಯೂಟಿಯೇ.