ಹಿಂದಕ್ಕೆ ನಡೆಯುವವರ ಹಾಡು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುರಿಯಕ್ಕ ಆಗಲೇ ಹಿಂದಕ್ಕೆ ನಡೆಯುತ್ತಿದ್ದಾರೆ. ಸೊಂಟಕ್ಕೆ ಸುತ್ತಿಕೊಂಡ ನಾರಿನಿಂದ ಬೆರಳುಗಳು ಎಳೆ ಬಿಡುತ್ತಿವೆ. ಉದ್ದನೆಯ ಕೊಟ್ಟಿಗೆಯ ಆ ತುದಿಯಲ್ಲಿ ಗಂಡ ರಾಟೆ ತಿರುಗಿಸುತ್ತಿದ್ದಾರೆ.

"ಹಿಂದೆ ಹಿಂದೆ ಹೋಗೋ ಕಾಲು, ಮುಂದೆ ಮುಂದೆ ನೋಡೋ ಕಣ್ಣು..."

ಬೀದಿಯ ಮಕ್ಕಳೆಲ್ಲ ಆಟಕ್ಕೆ ಹಾಡುವ ಪದವಿದು. ಹುಟ್ಟಿದ್ದು ಮಾತ್ರ ಹಗ್ಗ ಹೊಸೆಯುವವರ ಬಾಯಲ್ಲಿ. ಕಾಲು ಹಿಂದಕ್ಕೆ ಹೋದರೂ ಕಣ್ಣು ರಾಟೆಯ ಮೇಲಿರಬೇಕು. ಹೆಜ್ಜೆ ಅವಸರವಾದರೆ ಹುರಿ ಸಡಿಲ, ತಡವಾದರೆ ಗಂಟು.

"ಖುಷಿಗೆ ಹಾಡೋದಲ್ಲ ಇದು. ಬಾಯಿ ನಿಂತ್ರೆ ಕಾಲು ತಪ್ಪುತ್ತೆ," ಎನ್ನುತ್ತಾರೆ ಹುರಿಯಕ್ಕ.

"ನನ್ನ ಬೈಯೋದೂ ಇದೇ ರಾಗದಲ್ಲೇ ಕಣ್ರೀ!" ಗಂಡ ಅಲ್ಲಿಂದಲೇ ಕೂಗುತ್ತಾರೆ.

ಕಳೆದ ವರ್ಷ ಈ ಕೊಟ್ಟಿಗೆ ಮುಚ್ಚುವ ಹಂತಕ್ಕೆ ಬಂದಿತ್ತು. ನೈಲಾನ್ ಬಂದ ಮೇಲೆ ಉಳಿದಿದ್ದ ದೊಡ್ಡ ಗಿರಾಕಿ ದೋಣಿಯವನೊಬ್ಬನೇ. ಅವನೂ ಇವರೇ ಹೊಸೆದ ಉದ್ದನೆಯ ಹಗ್ಗವೊಂದನ್ನು ವಾಪಸ್ ತಂದು ಹೊಸ್ತಿಲಲ್ಲಿ ಹಾಕಿದ. "ಅಕ್ಕಾ, ತಲೆ ಕಡೆ ಗಟ್ಟಿ, ಬಾಲ ಬಿಚ್ಕೊಳ್ತಿದೆ. ಇನ್ನೊಂದ್ಸಲ ಹೀಗಾದ್ರೆ ನಾನೂ ಅಂಗಡಿಗೇ ಹೋಗ್ತೀನಿ."

ನಾರು ಬದಲಿಸಿದರು, ರಾಟೆಗೆ ಎಣ್ಣೆ ಬಿಟ್ಟರು. ಬಾಲದ ಸಡಿಲ ಹೋಗಲಿಲ್ಲ.

ಹಾಗಿರುವಾಗ ಒಂದು ಸಂಜೆ ಕೊಟ್ಟಿಗೆಯ ಹಿಂದೆ ಮಕ್ಕಳ ಗಲಾಟೆ. ಓಡಿಸಲೆಂದು ಹೋದ ಹುರಿಯಕ್ಕ ಅಲ್ಲೇ ನಿಂತುಬಿಟ್ಟರು. ಹಿಂದಕ್ಕೆ ನಡೆಯುತ್ತಿದ್ದ ಮಕ್ಕಳು ನಡುವೆ ಗಕ್ಕನೆ ನಿಂತು, ನೀರು ಕುಡಿದಂತೆ ನಟಿಸುತ್ತಾ ಹಾಡುತ್ತಿದ್ದರು:

"ನಿಲ್ಲು ನಿಲ್ಲು, ನೀರು ಕುಡಿ, ರಾಟೆ ತಿರುಗಲಿ, ತುದಿಯ ಹಿಡಿ!"

ಈ ಸಾಲನ್ನು ಹುರಿಯಕ್ಕನಿಗೆ ಯಾರೂ ಕಲಿಸಿರಲಿಲ್ಲ. ಒಳಗೆ ಮಂಚದ ಮೇಲಿದ್ದ ಅತ್ತೆಯನ್ನು ಕೇಳಿದರು.

"ಇತ್ತಲ್ಲೇ ಅದು! ನಿಂತು ನೀರು ಕುಡಿಯೋದಕ್ಕೆ ಧಣಿ ಬಿಡ್ತಿರ್ಲಿಲ್ಲ, ನಾವೂ ಹಾಡೋದು ಬಿಟ್ವಿ. ಮಕ್ಕಳಿಗೆ ಯಾವ ಧಣಿ?"

ಹಾಡು ನಡೆಯುವವರನ್ನು ಅಲ್ಲಿ ನಿಲ್ಲಿಸುತ್ತಿದ್ದುದು ದಣಿವಾರಿಸಿಕೊಳ್ಳಲಷ್ಟೇ ಅಲ್ಲ. ಹೊಸೆಯುವವರು ನಿಂತಾಗಲೂ ರಾಟೆ ತಿರುಗುತ್ತಿರುತ್ತದೆ, ತಿರುಚು ರಾಟೆಯಿಂದ ದೂರದ ಬಾಲದವರೆಗೂ ಹರಿಯುತ್ತದೆ. ಬಾವಿಯ ಗಿಡ್ಡ ಹಗ್ಗಗಳಲ್ಲಿ ಈ ಕೊರತೆ ಗೊತ್ತಾಗುತ್ತಿರಲಿಲ್ಲ. ದೋಣಿಯ ಹಗ್ಗ ಅದನ್ನು ತೋರಿಸಿಕೊಟ್ಟಿತು.

ಹಾಗೆ ನಡುನಡುವೆ ನಿಂತು ಹೊಸೆದ ಮುಂದಿನ ಹಗ್ಗವನ್ನು ದೋಣಿಯವನು ಕಂಬಕ್ಕೆ ಕಟ್ಟಿ, ಮೈಭಾರವೆಲ್ಲ ಬಿಟ್ಟು ಜಗ್ಗಿದ. ಬಾಲವನ್ನು ಉಗುರಿನಿಂದ ಕೆದಕಿದ. "ಇನ್ನೊಂದು ಹೊಸೀರಿ ಅಕ್ಕಾ," ಎಂದು ಹೆಗಲಿಗೇರಿಸಿಕೊಂಡು ಹೋದ.

ಈಗ ಹುರಿಯಕ್ಕ ದಾರಿಯ ನಡುವೆ ನಿಂತಿದ್ದಾರೆ. ಒಂದು ಕೈಯಲ್ಲಿ ಹುರಿಯ ತುದಿ, ಇನ್ನೊಂದರಲ್ಲಿ ನೀರಿನ ಚೊಂಬು. ಇನ್ನೇನಾಗಬೇಕು ಎಂದು ಕೇಳಿದರೆ, ಗುಟುಕು ನುಂಗಿ ನಗುತ್ತಾರೆ.

"ಆ ಮಕ್ಕಳು ಕೊಟ್ಟಿಗೆ ಹಿಂದೇನೇ ಆಡ್ಲಿ. ಇನ್ನೂ ಯಾವ ಸಾಲು ಅವರ ಹತ್ರ ಇದೆಯೋ!"